ಹಿಂದಿನ ಬೆಂಚಿನ ಕೈ

ಮಾನ್ಯ ಪ್ರೊಫೆಸರ್ ಬ್ರನ್ನರ್ ಅವರಿಗೆ,

ನೆಬ್ರಾಸ್ಕದ ನಮ್ಮ ಹೈಸ್ಕೂಲಿನಲ್ಲಿ ಕುಳಿತು, ಪರದೆಯ ಮೇಲೆ ನಿಮ್ಮ ಕಾಲೇಜಿನ ಪಾಠ ಕೇಳುವವಳು ನಾನೊಬ್ಬಳೇ. ನಿನ್ನೆ ನೀವು, "ಲೀಟಾ, ಹಿಂದಿರೋ ಹುಡುಗಿ ಆಗಿಂದ ಕೈ ಎತ್ಕೊಂಡಿದಾಳೆ, ಅವಳಿಗೂ ಉತ್ತರ ಹೇಳೋಕೆ ಬಿಡಮ್ಮ" ಎಂದು ನಕ್ಕಿರಿ. ತಿರುಗಿ ನೋಡಿದೆ. ಬೆಂಚು ಖಾಲಿಯಿತ್ತು. ಪರದೆಯ ಮೂಲೆಯಲ್ಲಿ ನಮ್ಮ ಕೋಣೆಯೂ ಕಾಣುತ್ತದಲ್ಲ, ಅದರಲ್ಲಿ ಮಾತ್ರ ನನ್ನ ಹಿಂದೆ ಆ ಕೈ ಎತ್ತಿಯೇ ಇತ್ತು.

ನಮ್ಮ ಶಾಲೆಯ ಲೈಬ್ರರಿಯ ಮಿಸೆಸ್ ಕುಚೆರಾ ಅವರನ್ನು ಆ ಬೆಂಚಿನ ಬಗ್ಗೆ ಕೇಳಿದೆ. "ಅಲ್ಲಿ ಕೂರ್ತಿದ್ದದ್ದು, ಕಾಲೇಜು ಓದ್ಬೇಕು ಅಂತ ಒದ್ದಾಡಿದ ಹುಡುಗಿ ಕಣೆ. ಸೇರೋ ಮೊದ್ಲೇ ತೀರ್ಕೊಂಡ್ಳು" ಎಂದರು.

ಪಾಠ ಬಿಡಲಾರೆ, ಪದವಿಗೆ ಲೆಕ್ಕಕ್ಕೆ ಬರುವ ಈ ಕಾಲೇಜು ಕ್ರೆಡಿಟ್ ಈಗಲೇ ಗಳಿಸದಿದ್ದರೆ ಮುಂದೆ ಪೂರ್ತಿ ಫೀಸು ಕಟ್ಟಿ ಅಪ್ಪ ಓದಿಸಲಾರರು. ದಯವಿಟ್ಟು ಅವಳ ಉತ್ತರವನ್ನೂ ಒಮ್ಮೆ ಕೇಳಿ. ಪಾಠ ಮುಗಿದ ಮೇಲೆ, ನಾನು ಬಾಗಿಲು ದಾಟುವವರೆಗೆ ಪರದೆ ಆರಿಸಬೇಡಿ. ಅವಳು ಎಲ್ಲಿದ್ದಾಳೆಂದು ಅದರಲ್ಲಷ್ಟೇ ಕಾಣುತ್ತದೆ.

ನಿಮ್ಮ ವಿದ್ಯಾರ್ಥಿನಿ,
ಲೀಟಾ ಹಾವೆಲ್ಕಾ