ಪಿನ್ನು ಹಾಕಿದ ಪುಟಗಳು

ಮಗಳೇ,

ರಜೆಯಲ್ಲವೇ, ಮಲಗಿರಲಿ ಎಂದು ಎಬ್ಬಿಸದೆ ಹೊಲಿಗೆ ಅಂಗಡಿಗೆ ಹೊರಟಿದ್ದೇನೆ. ಊಟ ಒಲೆಯ ಮೇಲಿದೆ, ಬಿಸಿ ಮಾಡಿಕೊಂಡು ಉಣ್ಣು. ಒಗೆದ ಬಟ್ಟೆ ಬಕೆಟ್ಟಿನಲ್ಲೇ ಉಳಿದಿದೆ, ಹರವಿಬಿಡು. ನನ್ನ ಸೊಂಟ ಇವತ್ತು ಮಾತು ಕೇಳುತ್ತಿಲ್ಲ.

ನಿನ್ನೆ ನೀನು ಪಿನ್ನು ಹಾಕಿದ ಪುಟಗಳನ್ನು ತೋರಿಸಿ, ಇದು ನೀನೇ ಮಾಡಿದ್ದಾ ಎಂದು ಕೇಳಿದೆ. ಹೌದು, ಲೈಬ್ರರಿಯಿಂದ ತಂದ ಪ್ರತಿ ಕಥೆಪುಸ್ತಕವನ್ನೂ ನಾನೇ ಮೊದಲು ಓದಿ, ಯಾರಾದರೂ ಸಾಯುವ ಪುಟಗಳನ್ನು ಗುಂಡುಪಿನ್ನಿನಿಂದ ಸೇರಿಸಿಬಿಡುತ್ತಿದ್ದೆ. ಮುದಿ ಮೊಲ ಸತ್ತ ಪುಟವನ್ನೂ ಬಿಡಲಿಲ್ಲ. ದಿನವಿಡೀ ಬಟ್ಟೆ ಹೊಲಿಯುವವಳಿಗೆ ಹೊಳೆದ ಉಪಾಯ ಅದು. "ಅಪ್ಪ ಹೋಗಿದ್ದು ನಂಗೂ ಗೊತ್ತಲ್ವಾಮ್ಮ, ಪಿನ್ ಹಾಕಿದ್ರೆ ವಾಪಸ್ ಬರ್ತಾರಾ? ಇನ್ಮೇಲೆ ನೀನು ಪುಸ್ತಕ ತರ್ಲೇಬೇಡ" ಅಂದೆಯಲ್ಲ, ಆ ಮಾತು ಕಿವಿಯಲ್ಲೇ ಕೂತಿದೆ.

ಲೈಬ್ರರಿ ಮೇಡಂ ಹೋದ ತಿಂಗಳೇ ಹೇಳಿದ್ದರು, "ಹದಿಮೂರು ತುಂಬಿದ ಹುಡುಗಿಗೆ ಇನ್ನೂ ಮೊಲದ ಕಥೆ ಒಯ್ತೀರಲ್ರೀ? ದೊಡ್ಡ ಮಕ್ಕಳ ಹೊಸ ಪುಸ್ತಕಗಳು ಬಂದಿವೆ, ಅವಳನ್ನೇ ಕಳಿಸಿ" ಅಂತ. ನಾನೇ ಕೇಳಿಸದವಳಂತೆ ಬಂದುಬಿಟ್ಟೆ.

ಕಾರ್ಡನ್ನು ಕನ್ನಡಿಯ ಹತ್ತಿರ ಇಟ್ಟಿದ್ದೇನೆ. ಆರಕ್ಕೆ ಬಾಗಿಲು ಹಾಕುತ್ತಾರೆ, ಬೇಗ ಹೋಗು. ಕಿಟಕಿ ಪಕ್ಕದ ಹೊಸ ಕಪಾಟಿನಲ್ಲಿ ನಿನಗೆ ಬೇಕಾದ್ದನ್ನು ನೀನೇ ಆರಿಸಿಕೋ. ನಾನು ಮೊದಲು ಓದುವುದಿಲ್ಲ.

ಓದುವಾಗ ಅಳು ಬಂದರೆ ಅಂಗಡಿಗೆ ಫೋನ್ ಮಾಡು. ನೀನು ಏನೂ ಮಾತಾಡದಿದ್ದರೂ ಪರವಾಗಿಲ್ಲ, ಮಷೀನು ನಿಲ್ಲಿಸಿ ಕೇಳುತ್ತಾ ಕೂತಿರುತ್ತೇನೆ.

ಅಮ್ಮ