ಶಾಲೆಯ ನೆಲ ಎತ್ತುವ ವಾರ

ಸಿಲಾಗಾನ್ ದ್ವೀಪ, ಬೋಹೋಲ್
ಜೂನ್ ೭, ಶನಿವಾರ ಬೆಳಿಗ್ಗೆ

ಪ್ರೀತಿಯ ದೊದೋಯ್,

ಹೇಗಿದ್ದೀಯ? ಕಿವಿಯೊಳಗಿನ ಆ ಗುಂಯ್ ಸದ್ದು ಕಡಿಮೆಯಾಯಿತೇ, ಇಲ್ಲ ಎಂಜಿನ್ ಕೋಣೆಯಲ್ಲಿ ಈಗಲೂ ಹತ್ತಿ ತುರುಕಿಕೊಳ್ಳದೆ ಶೂರನ ಹಾಗೆ ನಿಲ್ಲುತ್ತೀಯಾ? ಹಡಗಿನ ಅಡುಗೆಯವನು ಎಲ್ಲದಕ್ಕೂ ಆಲೂಗಡ್ಡೆ ಹಾಕುತ್ತಾನೆಂದು ಬೈದುಕೊಂಡು ಹಸಿದಿರಬೇಡ, ಹಾಕಿದ್ದನ್ನು ಉಣ್ಣು. ಇಲ್ಲಿ ನಾವು ಮೂವರೂ ಇದ್ದೇವೆ. ಅತ್ತೆಯ ಕಾಲು ಉಪ್ಪುನೀರಿನಲ್ಲಿ ನೆಂದು ನೆಂದು ಬೆರಳ ಸಂದಿಯೆಲ್ಲ ಬಿಳಚಿಕೊಂಡಿದೆ, ಬಾಯಿಗೆ ಮಾತ್ರ ಏನೂ ಆಗಿಲ್ಲ. ದಿಂದಿನ್ ಈ ರಜೆಯಲ್ಲಿ ಮತ್ತೆ ಉದ್ದವಾಗಿದ್ದಾಳೆ, ಹತ್ತು ವರ್ಷಕ್ಕೇ ನನ್ನ ಕಿವಿಯವರೆಗೆ ಬಂದಿದ್ದಾಳೆ. ಕಾಲು ನಿನ್ನದು, ಕತ್ತು ನಿನ್ನದು, ಹಟ ಮಾತ್ರ ನನ್ನದು ಎಂದು ಅತ್ತೆ ದಿನಕ್ಕೊಂದು ಸಲ ನೆನಪಿಸುತ್ತಾರೆ.

ಫೋನಿನಲ್ಲಿ ಹೇಳುವುದು ಬಿಟ್ಟು ಕಾಗದವೇಕೆ ಅನ್ನುತ್ತೀಯ. ಈಗ ಸಿಗ್ನಲ್ ಸಿಗುವುದು ಶಾಲೆಯ ಧ್ವಜದ ಕಟ್ಟೆಯ ಮೇಲೆ ಮಾತ್ರ. ಅಲ್ಲಿ ನಿಂತು ಗಂಡನ ಜೊತೆ ಮಾತಾಡಲು ಹೊರಟರೆ ಅರ್ಧ ಊರು ಬಲೆ ಸರಿಮಾಡುವ ನೆಪದಲ್ಲಿ ಸುತ್ತ ಕೂತಿರುತ್ತದೆ. ಹೋದ ಸಲ ನೀನು ಅದೇನೋ ಮುದ್ದಾಗಿ ಅಂದಾಗ ನಾನು ನಾಚಿಕೊಂಡದ್ದನ್ನು ಪಕ್ಕದ ಮನೆಯ ಟೆರಿಂಗ್ ವಾರವಿಡೀ ಅಂಗಡಿಯ ಮುಂದೆ ಆಡಿ ತೋರಿಸಿದಳು. ನಮ್ಮೂರಿನ ಬೆಬೊಂಗ್ ಸಿಂಗಾಪುರದಲ್ಲಿ ನಿನ್ನ ಹಡಗನ್ನೇ ಹತ್ತುತ್ತಾನಂತೆ. ಮಧ್ಯಾಹ್ನದ ದೋಣಿಗೆ ಹೊರಡುತ್ತಾನೆ. ಒಣಮೀನಿನ ಪೊಟ್ಟಣದ ಜೊತೆ ಇದನ್ನೂ ಕೊಡುತ್ತೇನೆ. ಮೀನು ದಾರಿಯಲ್ಲೇ ಅರ್ಧ ಖಾಲಿಯಾಗಿದ್ದರೆ ಅವನನ್ನೇ ಕೇಳು.

ಇದು ಪಹಿನಾ ವಾರ. ಶಾಲೆ ಶುರುವಾಗುವ ಮುಂಚೆ ತಂದೆತಾಯಿಯರೆಲ್ಲ ಕೂಲಿಯಿಲ್ಲದೆ ಸೇರಿ ದುಡಿಯುವುದು ಎಲ್ಲ ಊರಲ್ಲೂ ಇದೆ. ಬೇರೆ ಊರಿನವರು ಗೋಡೆಗೆ ಬಣ್ಣ ಹೊಡೆಯುತ್ತಾರೆ, ಬೇಲಿ ಕಟ್ಟುತ್ತಾರೆ, ಹೂಗಿಡ ನೆಡುತ್ತಾರೆ. ನಾವು ನೆಲ ಎತ್ತುತ್ತೇವೆ. ಭೂಕಂಪದಲ್ಲಿ ದ್ವೀಪ ಕುಸಿದು ಭರತದ ನೀರು ಒಳಗೆ ನುಗ್ಗತೊಡಗಿದಂದಿನಿಂದ ಪ್ರತಿ ವರ್ಷ ಇದೇ ಕೆಲಸ. ಛಾವಣಿ ಎತ್ತುವುದು ಸರ್ಕಾರದ ಕೆಲಸವಂತೆ, ಅವರು ಬಂದು ಅಳೆದುಕೊಂಡು ಹೋಗುತ್ತಾರೆ. ನೆಲ ಎತ್ತುವುದು ನಮ್ಮ ಕೆಲಸ, ನಾವು ಎತ್ತುತ್ತಲೇ ಇದ್ದೇವೆ. ನೀನು ಹೋದ ಮೇಲೆ ಇನ್ನೊಂದು ಸುತ್ತು ಕಲ್ಲು ಹಾಸಿದ್ದೇವೆ. ನೆಲ ಏರಿ ಬಾಗಿಲು ಗಿಡ್ಡವಾಗಿದೆ, ಈಗ ಕಿಟಕಿಯಿಂದ ಒಳಗೆ ಬರುವುದು ಬಾಗಿಲಿನಿಂದ ಬರುವುದಕ್ಕಿಂತ ಸುಲಭ. ಕರಿಹಲಗೆ ಮೊಣಕಾಲಿನ ಮಟ್ಟಕ್ಕೆ ಇಳಿದಿದೆ, ಟೀಚರು ಚಕ್ಕಂಬಕ್ಕಳ ಹಾಕಿ ಕೂತು ಬರೆಯುತ್ತಾರೆ. ಅಂಗಳವೂ ಎದ್ದು ಬ್ಯಾಸ್ಕೆಟ್‌ಬಾಲ್ ಬಳೆ ಕೈಗೆಟಕುವ ಹಾಗಾಗಿದೆ. ನಿನ್ನ ಕಾಲದಲ್ಲಿ ಒಬ್ಬನಿಗೂ ಮುಟ್ಟಲಾಗುತ್ತಿರಲಿಲ್ಲ, ಈಗ ಆ ಗಿಡ್ಡ ಪೊಲ್ದಿಂಗ್ ಕೂಡ ಬಳೆಗೆ ನೇತಾಡುತ್ತಾನೆ. "ನೋಡ್ರೋ, ನಮ್ ಮೀನಿನ ಶಕ್ತಿ!" ಅನ್ನುತ್ತಾನೆ ಕಪಿತಾನ್ ಎಸ್ತಾಕ್ಯೊ. ಊರಿನ ಮುಖಂಡನಾದವನಿಗೆ ನಗಿಸುವುದೊಂದೇ ಕೆಲಸ ಉಳಿದಿದೆ.

ಹೊಸ ಟೀಚರು ಬಂದಿದ್ದಾರೆ, ಮ್ಯಾಮ್ ರೊವೇನಾ, ಮನಿಲಾ ಕಡೆಯವರು. ಅವರ ಮಾತಿನಲ್ಲಿ ಪಹಿನಾ ಎಂದರೆ ಪುಸ್ತಕದ ಪುಟ. ಸೋಮವಾರ ಪಹಿನಾ ಇದೆ, ಬೇಗ ಬನ್ನಿ ಎಂದು ನಾನು ಹೇಳಿ ಕಳಿಸಿದ್ದೆ. ನಾವೆಲ್ಲ ಹಾರೆ ಬುಟ್ಟಿ ಹಿಡಿದು ನಿಂತಿದ್ದರೆ ಈಕೆ ಇಸ್ತ್ರಿ ಮಾಡಿದ ಅಂಗಿಯಲ್ಲಿ ಬಿಳಿ ಹಾಳೆಯ ಕಟ್ಟು, ಪೆನ್ನಿನ ಡಬ್ಬಿ ಹಿಡಿದು ಬಂದು, "ಒಬ್ಬೊಬ್ರು ಎಷ್ಟು ಪುಟ ಬರೀಬೇಕು?" ಎಂದು ಕೇಳಿದರು. "ಮ್ಯಾಮ್, ನಮ್ ಪುಟ ಎತ್ತೋಕೆ ಇಬ್ಬರು ಬೇಕು," ಎಂದು ಕಪಿತಾನ್ ಒಂದು ಹವಳದ ಬಂಡೆ ತೋರಿಸಿದ. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಪಾಪದ ಹೆಣ್ಣು, ಮುಖ ಕೆಂಪಾದರೂ ಹಾಳೆ ಕಿಟಕಿಯಲ್ಲಿಟ್ಟು ಪ್ಯಾಂಟು ಮಡಚಿ ಸಾಲಿಗೆ ನಿಂತರು. ಸಂಜೆಗೆ ಅವರ ಅಂಗೈ ಕಿತ್ತುಹೋಗಿತ್ತು. ಬಾಳೆಎಲೆಯಲ್ಲಿ ಸುತ್ತಿದ ಬುದ್ಬುದ್ ಕಡುಬು ಬಿಚ್ಚಲಾಗದೆ ದಿಂದಿನ್ ಬಿಚ್ಚಿಕೊಟ್ಟಳು.

ಕಲ್ಲು ಎಲ್ಲಿಂದ ಬರುತ್ತದೆಂದು ನಿನಗೆ ಗೊತ್ತು. ಹವಳದ ದಂಡೆಯನ್ನು ಒಡೆದರೆ ಅಲೆ ಇನ್ನೂ ಜೋರಾಗಿ ಬರುತ್ತದೆ, ಆದ್ದರಿಂದ ಸಮುದ್ರದ ಕಲ್ಲು ಮುಟ್ಟುವ ಹಾಗಿಲ್ಲ. ಮಗುವನ್ನು ಈ ಶಾಲೆಯಿಂದ ಬಿಡಿಸಿ ಪಟ್ಟಣಕ್ಕೆ ಕರೆದೊಯ್ದವರ ಮನೆಯಡಿಯ ಕಲ್ಲು ಶಾಲೆಗೆ ಸೇರಬೇಕು ಎಂದು ಸಭೆಯಲ್ಲಿ ಕಟ್ಟಳೆ ಹಾಕಿದ್ದೇವೆ. ಹಾಕಿದ್ದೇವೆ ಏನು, ಹಾಕಿದವಳು ನಾನೇ. ಪಾಲಕರ ಸಂಘದ ಅಧ್ಯಕ್ಷೆ ಅಂದಮೇಲೆ ಯಾರಾದರೂ ಗಟ್ಟಿಯಾಗಿ ನಿಲ್ಲಬೇಕಲ್ಲ. ಇವತ್ತಿಗೂ ಅದು ಸರಿಯೆಂದೇ ಅನ್ನುತ್ತೇನೆ. ಶಾಲೆ ಇರುವ ತನಕ ಇದು ಊರು. ಮದುವೆ ಅಲ್ಲಿ, ಪೂಜೆಗೆ ಪಾದ್ರಿ ಬಂದರೆ ಅಲ್ಲಿ, ಬಿರುಗಾಳಿ ಬಂದರೆ ಎಲ್ಲರೂ ಆಸರೆ ಪಡೆಯುವುದು ಅಲ್ಲಿ. ಶಾಲೆ ಮುಚ್ಚಿದ ಮರುದಿನ ಇದು ಬರೀ ಮೀನು ಒಣಗಿಸುವ ಜಾಗ.

ಹಾಗಾಗಿ ಈ ವರ್ಷ ಹಾಸಿದ್ದು ಲುಸಿಂಗಳ ಮನೆಯ ಕಲ್ಲು. ಅವಳು ದಿಂದಿನ್‌ಗೆ ದೀಕ್ಷಾಸ್ನಾನದಲ್ಲಿ ಜ್ಞಾನತಾಯಿಯಾಗಿ ನಿಂತವಳು, ಆ ನಂಟಿನಿಂದ ನನ್ನ ಮಾರೆ, ಒಂದೇ ತಟ್ಟೆಯಲ್ಲಿ ಉಂಡವಳು. ಅವಳು ಗಂಡುಮಕ್ಕಳಿಬ್ಬರನ್ನೂ ದೋಣಿ ಹತ್ತಿಸಿದ ದಿನ ನಾನು ದೋಣಿಕಟ್ಟೆಯ ತುದಿಗೆ ಓಡಿಹೋಗಿ ಎಲ್ಲರೆದುರು, "ಹೋಗ್ತೀಯಾ ಹೋಗು, ಕಲ್ಲು ಬಿಟ್ಟು ಹೋಗು!" ಎಂದು ಕೂಗಿದ್ದೆ. ಅವಳು ಗಂಟುಮೂಟೆಯ ಮೇಲೆ ಕೂತು, "ತಗೊಳ್ಳೇ ಸೆನಿಂಗ್. ಕಲ್ಲೂ ತಗೋ, ಕಂಬಾನೂ ತಗೋ. ನನ್ ಮಕ್ಕಳನ್ನ ಮಾತ್ರ ಬಿಡು," ಅಂದಳು. ಜನ ನನಗೆ ಚಪ್ಪಾಳೆ ತಟ್ಟಿದರು. ಈ ವಾರ ನಾಲ್ಕು ದಿನ ಅವಳ ಮನೆಯಡಿಯಿಂದ ಶಾಲೆಯವರೆಗೆ ಕೈಯಿಂದ ಕೈಗೆ ಕಲ್ಲು ದಾಟಿಸಿದೆವು. ಒಳ್ಳೆಯ ಚಪ್ಪಟೆ ಕಲ್ಲುಗಳು. ಯೋಚಿಸಿದರೆ ಹುಚ್ಚು ಹಿಡಿಯುತ್ತದೆ ದೊದೋಯ್. ಒಂದು ಮನೆ ಖಾಲಿಯಾದರೆ ನೆಲ ಒಂದು ಗೇಣು ಏರುತ್ತದೆ. ಹೀಗೇ ಹೋದರೆ ನೀರು ಮುಟ್ಟದಷ್ಟು ಎತ್ತರದ ಶಾಲೆ ಕಟ್ಟಿಯೇ ಬಿಡುತ್ತೇವೆ, ಅದರೊಳಗೆ ಕೂರಲು ಒಂದು ಮಗುವೂ ಇರುವುದಿಲ್ಲ. ಐದನೆಯ ತರಗತಿಯಲ್ಲಿ ಈಗಲೇ ಒಂದು ಬೆಂಚಿಗೆ ಸಾಲುವಷ್ಟು ಮಕ್ಕಳಿದ್ದಾರೆ. ಇನ್ನೂ ಕಡಿಮೆಯಾದರೆ ಶಾಲೆಯನ್ನು ಪಟ್ಟಣದ್ದಕ್ಕೆ ಸೇರಿಸಿಬಿಡುತ್ತಾರೆಂದು ಮ್ಯಾಮ್ ರೊವೇನಾ ಮೆಲ್ಲಗೆ ಹೇಳಿದರು.

ನಿನ್ನೆ ಸಂಜೆ ಏನಾಯಿತೆಂದರೆ, ದಿಂದಿನ್‌ಳ ತರಗತಿಯ ಕೋಣೆಯ ನೆಲಕ್ಕೆ ಸಿಮೆಂಟು ಬಳಿದು ಮುಗಿಸಿದ್ದೆವು. ಹುಣ್ಣಿಮೆ ಹತ್ತಿರವಿದೆ, ನೀರು ಏರುತ್ತದೆಂದು ಗೊತ್ತಿತ್ತು. ಬಾಗಿಲಿಗೆ ಮರಳುಚೀಲ ಒಟ್ಟಿ ಎಲ್ಲರೂ ಹೊರಗೆ ಕಾದು ನಿಂತೆವು, ಯಾರೋ ಹಾಡೂ ಶುರುಮಾಡಿದ್ದರು. ನೀರು ಬಂದು ಚೀಲಕ್ಕೆ ತಾಗಿ ನಿಂತಿತು. ಗೆದ್ದೆವು ಎಂದು ಕಪಿತಾನ್ ಟೋಪಿ ಎಸೆದ. ಆಗ ಕಿಟಕಿಯಲ್ಲಿ ಕೂತಿದ್ದ ಟೆರಿಂಗ್ ಒಳಗೆ ಬೆರಳು ತೋರಿಸಿದಳು. ನೀರು ಬಾಗಿಲಿನಿಂದ ಬಂದಿರಲಿಲ್ಲ. ಕೆಳಗಿನಿಂದ, ಕಲ್ಲಿನ ಸಂದಿಯಿಂದ, ಹಸಿ ಸಿಮೆಂಟನ್ನು ಒಡೆದುಕೊಂಡು ಮೇಲೆ ಬರುತ್ತಿತ್ತು. ಅತ್ತೆ, "ಸಮುದ್ರಕ್ಕೆ ಯಾಕ್ರೋ ಬಾಗ್ಲು?" ಅಂದರು. ಎಲ್ಲರೂ ನನ್ನ ಮುಖ ನೋಡಿದರು. "ನಾಳೆ ಇನ್ನೊಂದು ಸಾಲು ಹಾಕೋಣ," ಅಂದೆ ನಾನು. ಬೇರೇನು ಹೇಳಲಿ? ಮನೆಗೆ ಬಂದು ಅಕ್ಕಿ ತೊಳೆಯುತ್ತ ಕಣ್ಣೀರು ಹಾಕಿದೆ. ಇದು ಸೋಲುವ ಕೆಲಸವೆಂದು ನನಗೆ ಗೊತ್ತು. ಅಲ್ಲಿದ್ದ ಪ್ರತಿಯೊಬ್ಬರಿಗೂ ಗೊತ್ತು. ಒಬ್ಬರಿಗೊಬ್ಬರು ಹೇಳಿಕೊಳ್ಳುವುದಿಲ್ಲ, ಅಷ್ಟೇ.

ಇನ್ನೊಂದು ಸಂಗತಿ. ಮೇ ತಿಂಗಳಲ್ಲಿ ಸಿಮೆಂಟು ಕೊಳ್ಳಲು ಪಟ್ಟಣಕ್ಕೆ ಹೋದಾಗ ದಿಂದಿನ್‌ಳನ್ನೂ ಕರೆದೊಯ್ದಿದ್ದೆ. ಕನ್ಯೆಮೇರಿಗೆ ಹೂ ಕೊಡುವ ಹುಡುಗಿಯರ ಸಾಲಿಗೆ ಅವಳನ್ನೂ ಸೇರಿಸಿಕೊಂಡರು. ಬಿಳಿ ಲಂಗ, ಕೈತುಂಬ ಮಲ್ಲಿಗೆ, ನೀನು ನೋಡಬೇಕಿತ್ತು. ಆ ದೊಡ್ಡ ಇಗರ್ಜಿಯ ಬಾಗಿಲು ನಿನಗೆ ಗೊತ್ತಲ್ಲ, ಮೂರು ಆಳು ಒಬ್ಬರ ಮೇಲೊಬ್ಬರು ನಿಂತರೂ ತಾಗದು. ಅದರ ಹೊಸಿಲ ಹತ್ತಿರ ಬಂದದ್ದೇ ನಮ್ಮ ಮಗಳು ತಲೆ ತಗ್ಗಿಸಿ, ಬೆನ್ನು ಬಾಗಿಸಿ, ಬಗ್ಗಿಕೊಂಡು ಒಳಗೆ ಹೋದಳು. ಹಿಂದಿದ್ದ ಹುಡುಗಿಯರೆಲ್ಲ ಕಿಸಕ್ಕೆಂದರು. ಒಬ್ಬಳು ಅವಳ ಹಾಗೇ ಬಗ್ಗಿ ನಡೆದು ತೋರಿಸಿದಳು. ಮೊದಲು ನನಗೂ ನಗು ಬಂತು. ಅಷ್ಟರಲ್ಲಿ ಮೇಣದಬತ್ತಿ ಮಾರುವ ಹೆಂಗಸು ಇನ್ನೊಬ್ಬಳಿಗೆ, "ಅಮ್ಮನೂ ಬಗ್ಗಿದ್ಲು ನೋಡಿದ್ಯಾ? ದ್ವೀಪದವರಿರ್ಬೇಕು," ಅಂದಳು. ನಾನು ಬಗ್ಗಿದ್ದು ನನಗೇ ಗೊತ್ತಾಗಿರಲಿಲ್ಲ. ಆಮೇಲೆ ಔಷಧದ ಅಂಗಡಿಯಲ್ಲಿ, ಮಾರುಕಟ್ಟೆಯ ಕಮಾನಿನ ಕೆಳಗೆ, ನೋಡುತ್ತಲೇ ಇದ್ದೆ. ಎಲ್ಲ ಕಡೆ ಬಗ್ಗುತ್ತಾಳೆ. ನೆಟ್ಟಗೆ ನಡೆಯೇ ಎಂದು ಗದರಿದೆ. "ತಲೆ ಹೊಡೀತದಲ್ಲ ಮಾ," ಅಂದಳು. ತಲೆಯ ಮೇಲೆ ಬರೀ ಆಕಾಶವಿತ್ತು. ನಾವು ಊರು ಉಳಿಸಲು ನೆಲ ಎತ್ತುತ್ತಿದ್ದೇವೆಂದುಕೊಂಡಿದ್ದೆ ದೊದೋಯ್, ನಮ್ಮ ಮಕ್ಕಳ ಬೆನ್ನು ಬಗ್ಗಿಸುತ್ತಿದ್ದೇವೆ. ಅವತ್ತಿನಿಂದ ಕಲ್ಲು ಕೈಗೆ ಬಂದಾಗಲೆಲ್ಲ ತಿರುಗಿ ಅವಳ ಬೆನ್ನು ನೋಡುತ್ತೇನೆ.

ಸಾಕು. ನಿನ್ನ ಮನಸ್ಸು ಕೆಡಿಸಲು ಬರೆಯಲಿಲ್ಲ. ಅತ್ತೆ ನಿನ್ನ ಹಣೆಗೆ ಕೈಯಿಟ್ಟು ಹರಸಿದ್ದಾರೆಂದು ತಿಳಿದುಕೋ. ದಿಂದಿನ್ ಅಪ್ಪನಿಗೆ ಮುತ್ತು ಕಳಿಸಿದ್ದಾಳೆ, ಜೊತೆಗೆ ತಿಮಿಂಗಿಲ ಕಂಡರೆ ಫೋಟೊ ತೆಗೆಯಬೇಕಂತೆ. ನಿನ್ನ ಜೊತೆಗಾರರಿಗೆಲ್ಲ ನನ್ನ ನೆನಪು ಹೇಳು. ಕಿವಿಗೆ ಹತ್ತಿ ಇಟ್ಟುಕೋ. ದೇವರು ನಿನ್ನ ಹಡಗನ್ನು ನೀರಿನ ಮೇಲೆಯೇ ಇಡಲಿ.

ನಿನ್ನ
ಸೆನಿಂಗ್

ಮರೆತ ಮಾತು: ಮರೆತದ್ದಲ್ಲ, ಬರೆಯಲು ಕೈ ಬರಲಿಲ್ಲ. ಬೆಬೊಂಗ್ ಬಾಗಿಲಲ್ಲಿ ನಿಂತು ಅವಸರ ಮಾಡುತ್ತಿದ್ದಾನೆ. ದಿಂದಿನ್‌ಳನ್ನು ಪಟ್ಟಣದ ಶಾಲೆಗೆ ಸೇರಿಸಿದ್ದೇನೆ. ಮುಂದಿನ ವಾರ ಕರೆದುಕೊಂಡು ಹೋಗುತ್ತೇನೆ. ಉಳಿಯುವುದು ಲುಸಿಂಗಳ ಮನೆಯಲ್ಲಿ, ಬೇರೆ ಯಾರಿದ್ದಾರೆ ನಮಗೆ ಅಲ್ಲಿ? ಹೋಗಿ ಅವಳ ಅಂಗಳದಲ್ಲಿ ನಿಂತಾಗ ಉಗಿಯುತ್ತಾಳೆ ಅಂದುಕೊಂಡಿದ್ದೆ. "ಕರ್ಕೊಂಡ್ ಬಾ, ನನ್ ಮಗಳಲ್ವಾ," ಎಂದಳು, ಅಷ್ಟೇ. ಉಗಿದಿದ್ದರೆ ವಾಸಿಯಿತ್ತು. ಇಲ್ಲಿ ಗೊತ್ತಿರುವುದು ಮ್ಯಾಮ್ ರೊವೇನಾ ಒಬ್ಬರಿಗೆ. ಪಹಿನಾ ಮುಗಿಯುವ ತನಕ ಹೇಳಬೇಡಿ ಎಂದು ಕೈ ಹಿಡಿದು ಕೇಳಿಕೊಂಡರು. ನಮ್ಮ ಮಗು ಹೋದರೆ ಟೆರಿಂಗಳದ್ದು ಹೋಗುತ್ತದೆ, ಕಪಿತಾನನ ಮೊಮ್ಮಕ್ಕಳು ಹೋಗುತ್ತಾರೆ, ಶಾಲೆಯ ಬಾಗಿಲು ಹಾಕುತ್ತಾರೆ. ಕಟ್ಟಳೆ ಹಾಕಿದವಳು ನಾನು, ನಮ್ಮ ಮನೆಯಡಿಯ ಕಲ್ಲನ್ನೂ ಕೊಡಲೇಬೇಕು. ಅದರ ಮೇಲೆ ಅತ್ತೆಯ ಮಂಚವಿದೆ, ಅವರಿಗೆ ಇನ್ನೂ ಹೇಳಿಲ್ಲ. ಈ ಕಾಗದ ನಿನ್ನ ಕೈಗೆ ಸೇರುವ ಹೊತ್ತಿಗೆ ದಿಂದಿನ್ ಅಲ್ಲಿರುತ್ತಾಳೆ, ನೀನು ಬೇಡವೆಂದರೂ ಆಗದು. ಫೋನಿನಲ್ಲಿ ಹೇಳದಿದ್ದದ್ದು ಅದಕ್ಕೇ, ಕೇಳುವ ಜನರಿಗೆ ಹೆದರಿ ಅಲ್ಲ. ಹೊರಗೆ ಸಾಲು ನಿಂತಿದೆ, "ಪ್ರೆಸಿಡೆಂಟಮ್ಮಾ, ಎಲ್ಲಿದ್ದೀರಾ? ನೀವು ಕೂಗ್ದಿದ್ರೆ ಕಲ್ಲು ಏಳಲ್ಲ!" ಎಂದು ಕರೆಯುತ್ತಿದ್ದಾರೆ. ಹೋಗುತ್ತೇನೆ. ಇವತ್ತು ಎಲ್ಲರಿಗಿಂತ ಜೋರಾಗಿ ಕೂಗಬೇಕು.