ಎರಡು ಡಿಸ್ಕಿನ ಡಬ್ಬಿ

ರೀ,

ಇಬ್ಬರ ಫೋನಿನ ಫೋಟೋನೂ ಮನೆಯಲ್ಲೇ ಕೂಡಿಡೋ ಆ ಡಬ್ಬಿ ಕೊಳ್ಳೋಕೆ ನೀವು ಮೀನಮೇಷ ಎಣಿಸ್ತಾ ಮೂರು ತಿಂಗಳಾಯ್ತು. ಇವತ್ತು ಎದ್ದ ಕೂಡಲೇ ಅಂಗಡಿಗೆ ಫೋನ್ ಮಾಡಿ. ಎರಡು ಡಿಸ್ಕಿನದೇ ಇರಲಿ. ಒಂದು ಕೆಟ್ಟರೂ ಇನ್ನೊಂದರಲ್ಲಿ ನಕಲು ಉಳಿಯುತ್ತೆ. ವೈಫೈ ಪಕ್ಕದ ಶೆಲ್ಫ್ ಖಾಲಿ ಮಾಡಿದ್ದೀನಿ, ಅಲ್ಲಿ ಮತ್ತೆ ಹೆಲ್ಮೆಟ್ ಇಟ್ಟೀರಿ, ಜೋಕೆ!

ಎಷ್ಟು ಜಾಗ ಬೇಕು ಅಂತ ನೋಡೋಕೆ ಈಗ ನಿಮ್ಮ ಫೋನ್ ತೆಗೆದೆ. ಈ ವರ್ಷದ್ದೆಲ್ಲಾ ನಾನು ಮಲಗಿರೋ ಫೋಟೋಗಳೇ. ನನ್ನ ಫೋನಿನಲ್ಲೂ ಅಷ್ಟೇ, ಬರೀ ನೀವು ಮಲಗಿರೋದು. ನಿಮಗೆ ರಾತ್ರಿ ಪಾಳಿ, ನನಗೆ ಹಗಲು. ಬೇರೆ ಏನು ಸಿಗುತ್ತೆ?

ಅಡುಗೆ ಮುಚ್ಚಿಟ್ಟಿದ್ದೀನಿ, ಬಿಸಿ ಮಾಡ್ಕೊಳ್ಳಿ.

ನಾಳೆ ಕೆಲಸದಿಂದ ಬಂದಾಗ ಫೋಟೋ ತೆಗೀಬೇಡಿ. ಎಬ್ಬಿಸಿ.